ಅವ್ವನ ಹೆಸರಿನ ಗುಳಿಗೆ

ನನ್ನದು ಅನುಮಾನದ ಸ್ವಭಾವ. ಹಾಲಿನವನು ಬಾಗಿಲಲ್ಲಿ ನಿಂತಿರುವಾಗಲೇ ಹಾಲಿಗೆ ಬೆರಳು ಅದ್ದಿ ನೋಡುವವಳು ನಾನು. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ನೋಡದೆ ಒಳಗೆ ಬಿಡುವುದಿಲ್ಲ. ಭಾಲ್ಕಿಯಲ್ಲಿ ನಾನು ಪಾಠ ಹೇಳುವ ಹೈಸ್ಕೂಲಿನಲ್ಲಿ, ಪರೀಕ್ಷೆಯ ಕೋಣೆಗೆ ನಾನು ಕಾಲಿಟ್ಟರೆ ಸಾಕು, ಮಕ್ಕಳು ತಾವಾಗಿಯೇ ಜೇಬು ಹೊರಗೆಳೆದು ತೋರಿಸುತ್ತಾರೆ. ಇದನ್ನು ಹೆಮ್ಮೆಯಿಂದಲೂ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಮುಂದಿನ ಮಾತು ತಿಳಿಯಬೇಕಾದರೆ ಇಷ್ಟು ಗೊತ್ತಿರಬೇಕು, ಅಷ್ಟೇ.

ಅವ್ವ ಔರಾದ ಬಿಟ್ಟು ಬೀದರಿನ ಮೈಲೂರಿನಲ್ಲಿರುವ ನನ್ನ ಮನೆಗೆ ಬಂದದ್ದು ಕಣ್ಣಿನ ಕಾರಣಕ್ಕೆ. ಅವಳ ಎಡಗಣ್ಣು ನಾನು ಹುಟ್ಟುವ ಮೊದಲೇ ಹೋಗಿತ್ತು. ಹೊಲದಲ್ಲಿ ಬಗ್ಗಿದಾಗ ಜೋಳದ ದಂಟಿನ ಮೊನೆ ಚುಚ್ಚಿತ್ತಂತೆ. ಉಳಿದ ಒಂದೇ ಕಣ್ಣಿನಲ್ಲಿ ನನ್ನನ್ನೂ ಅಣ್ಣನನ್ನೂ ಸಾಕಿದಳು, ಓದಿಸಿದಳು, ಮದುವೆ ಮಾಡಿದಳು. ಈಗ ಆ ಕಣ್ಣಿಗೂ ಪೊರೆ ಬಂದಿತ್ತು. ಅಕ್ಕಿಯಲ್ಲಿನ ಹರಳನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದಳು. ಯಾರಾದರೂ ಎದುರಿಗೆ ಬಂದು ನಿಂತರೆ ಸೀರೆಯ ಬಣ್ಣ ಹೇಳುತ್ತಿದ್ದಳು, ಮುಖ ಹೇಳುತ್ತಿರಲಿಲ್ಲ.

ಅವಳು ಬಂದು ಕೆಲವು ತಿಂಗಳಾದ ಮೇಲೆ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಕೌಂಟರಿನಲ್ಲಿದ್ದ ಹುಡುಗಿ ಅವ್ವನ ಆರೋಗ್ಯ ಕಾರ್ಡು ಇಸಿದುಕೊಂಡಳು. ಕಾರ್ಡಿಗೆ ಜೋಡಿಸಿದ್ದ ಫೋನ್ ನಂಬರು ಅಣ್ಣನ ಯಾವುದೋ ಕಾಲದ್ದು, ಎಂದೋ ಬಂದ್ ಆಗಿತ್ತು. ಅದನ್ನು ತೆಗೆದು ನನ್ನದು ಹಾಕಿದಳು.

"ಮೇಡಂ, ನಿಮ್ಮ ಮೊಬೈಲಿಗಿ ಒಟಿಪಿ ಬಂದಿರ್ತದ, ಹೇಳ್ರಿ."

"ಯಾಕ?"

"ಅದು ಹೇಳಿದ್ರ ನಿಮ್ಮ ಅವ್ವಾರದು ಹಿಂದಿನ ಎಲ್ಲಾ ದವಾಖಾನಿದು ಇಲ್ಲೇ ಕಾಣ್ತದ್ರಿ."

"ಹಿಂದಿಂದು ಯಾಕ ಬೇಕು? ಕಣ್ಣ ತೋರ್ಸ್ಲಿಕ್ಕಿ ಬಂದೀವಿ ನಾವು."

"ಸಿಸ್ಟಮ್ ಕೇಳ್ತದ್ರಿ," ಎಂದಳು ಆಕೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಒಂದು ಕಡೆಯವರು ಬಡಿದುಕೊಳ್ಳುತ್ತಾರೆ, ಹೇಳದಿದ್ದರೆ ಮುಂದೆ ಬಿಡುವುದಿಲ್ಲ ಎಂದು ಇನ್ನೊಂದು ಕಡೆಯವರು ಕೂತಿರುತ್ತಾರೆ. ಸರತಿಯಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ಅಂಕಿಗಳನ್ನು ಮೆಲ್ಲಗೆ, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದೆ.

ಕಣ್ಣಿನ ಡಾಕ್ಟರು ಮೊದಲು ಅವ್ವನ ಕಣ್ಣು ನೋಡಿದರು. ಪೊರೆ ಪೂರ್ತಿ ಬಲಿತಿದೆ, ಇನ್ನು ತಡ ಮಾಡಿದರೆ ಒಳಗೆ ಒತ್ತಡ ಏರಿ ಇದ್ದ ಕಣ್ಣೂ ಹೋಗುತ್ತದೆ ಎಂದರು. ಬರುವ ವಾರವೇ ಆಪರೇಷನ್ ಎಂದು ಹೇಳುತ್ತಲೇ ಪರದೆಯ ಕಡೆ ತಿರುಗಿ ಮೌಸ್ ಒತ್ತಿದವರು, ಅಲ್ಲೇ ನಿಂತುಬಿಟ್ಟರು.

"ಇವರಿಗಿ ಫಿಟ್ಸ್ ಬರ್ತಾವಂತ ಹೇಳಲೇ ಇಲ್ಲಲ್ರಿ."

"ಫಿಟ್ಸಾ? ಇಲ್ರಿ. ಬಿಪಿ ಒಂದು ಬಿಟ್ರ ಅವ್ವಗ ಏನೂ ಇಲ್ಲ."

"ಇಲ್ಲಿ ವರ್ಷಾನುಗಟ್ಟಲೆದು ಅದ. ತಿಂಗಳಾ ಗುಳಿಗಿ ಒಯ್ದಾರ. ಮೊದಲ ಔರಾದ, ಈಗ ನೌಬಾದ. ಹೋದ ತಿಂಗಳ ಮತ್ತ ಬಂತಂತ ಡೋಸ್ ಹೆಚ್ಚು ಮಾಡ್ಯಾರ."

ನಾನು ನಕ್ಕೆ. ಕಂಪ್ಯೂಟರಿನ ಮೇಲೆ ನನಗೆ ಎಂದೂ ಅಂಥ ನಂಬಿಕೆ ಇರಲಿಲ್ಲ. ಸಿಕ್ಕಿಬಿತ್ತಲ್ಲ ಎಂದು ಒಳಗೊಳಗೆ ಖುಷಿಯೇ ಆಯಿತು. ಬೇರೆ ಯಾರದೋ ಇವಳ ಹೆಸರಿಗೆ ಬಂದಿರಬೇಕು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅವ್ವ ಸೆರಗು ಸರಿಮಾಡಿಕೊಂಡಳು.

"ನಂದೇ ಅದ್ರಿ ಸಾಹೇಬ್ರ," ಎಂದಳು.

ಡಾಕ್ಟರು ಹೇಗೆ ಬರುತ್ತದೆ ಎಂದು ಕೇಳಿದರು. ಅವ್ವ ತಡವರಿಸಲಿಲ್ಲ. "ಕೈಕಾಲು ಸೆಟದ ಬಿಡ್ತಾವ್ರಿ. ಕಣ್ಣಗುಡ್ಡಿ ಮ್ಯಾಲ ಹೋಗ್ತಾವ. ತುಟಿ ನೀಲಿ ಆಗಿ ಬಾಯಾಗ ನೊರಿ ಬರ್ತದ. ಆಮ್ಯಾಲ ಏನೂ ನೆನಪಿರಲ್ಲ." ಡಾಕ್ಟರು ತಲೆ ಆಡಿಸಿ, ಹೋದ ತಿಂಗಳೇ ಬಂದಿದೆ ಎಂದಮೇಲೆ ನಾನು ಮುಟ್ಟುವುದಿಲ್ಲ, ಇರುವುದೇ ಒಂದು ಕಣ್ಣು, ಟೇಬಲ್ ಮೇಲೆ ಝಟಕಾ ಬಂದರೆ ಅದೂ ಹೋಯಿತು, ನರದ ಡಾಕ್ಟರಿಂದ ಬರೆಸಿಕೊಂಡು ಬನ್ನಿ ಎಂದರು. ಆ ಡಾಕ್ಟರು ಕೂಡ ಈ ದಾಖಲೆ ನೋಡಿದರೆ ಕೆಲವು ತಿಂಗಳು ಕಾಯಿರಿ ಎಂದೇ ಹೇಳುತ್ತಾರೆ, ಕಣ್ಣು ಅಷ್ಟು ಕಾಯುವುದಿಲ್ಲ ಎಂದೂ ಅವರೇ ಸೇರಿಸಿದರು.

ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ರೋಗವನ್ನು ಹೆತ್ತ ಮಗಳಿಂದ ಮುಚ್ಚಿಟ್ಟಳೇ? ಅಳುವೂ ಬಂತು, ಸಿಟ್ಟೂ ಬಂತು. "ನನಗ ಯಾಕ ಹೇಳ್ಲಿಲ್ಲ?" ಎಂದರೆ, "ಹೇಳಿ ಏನ್ ಮಾಡ್ಬೇಕಿತ್ತು," ಎಂದು ಹೊರಗೆ ಮುಖ ಮಾಡಿ ಕೂತಳು, ಕಾಣದಿದ್ದರೂ.

ಅಂದಿನಿಂದ ನಾನು ಅವ್ವನನ್ನು ಕಾಯತೊಡಗಿದೆ. ಅಡುಗೆಮನೆಗೆ ಹೋದರೆ ಹಿಂದೆಯೇ ಹೋಗುವುದು, ಸ್ನಾನಕ್ಕೆ ಹೋದರೆ ಬಾಗಿಲಿನ ಚಿಲಕ ಹಾಕಬೇಡ ಎನ್ನುವುದು. ತಟ್ಟೆಯ ಮುಂದೆ ಒಂದು ಗಳಿಗೆ ಸುಮ್ಮನೆ ಕೂತರೆ ಭುಜ ಹಿಡಿದು ಅಲ್ಲಾಡಿಸುತ್ತಿದ್ದೆ. ಕೊನೆಗೆ ನನ್ನ ಮೇಲೆಯೇ ಅನುಮಾನ ಶುರುವಾಯಿತು. ಬೋರ್ಡಿನ ಮೇಲೆ ಬರೆಯುವಾಗ ಕೈ ಸ್ವಲ್ಪ ಅದುರಿದರೆ, ಅವ್ವನದು ನನಗೂ ಬಂತೇನೋ ಎಂದು ಸೀಮೆಸುಣ್ಣ ಕೆಳಗಿಟ್ಟು ಬೆರಳು ನೋಡಿಕೊಳ್ಳುತ್ತಿದ್ದೆ. ಮಕ್ಕಳು ಮೇಡಂಗೆ ಏನೋ ಆಗಿದೆ ಎಂದು ಪಿಸುಗುಟ್ಟುತ್ತಿದ್ದರು.

ಅವ್ವನಿಗೆ ಮಾತ್ರ ಏನೂ ಬರಲಿಲ್ಲ. ಒಂದು ದಿನ ಭಾಲ್ಕಿಯಿಂದ ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಗೆ ತಲೆ ಆನಿಸಿ ಕೂತಿದ್ದಾಗ, ಡಾಕ್ಟರ ಮುಂದೆ ಅವಳು ಆಡಿದ ಮಾತು ಮತ್ತೆ ಕಿವಿಯಲ್ಲಿ ಬಂತು. ಕಣ್ಣುಗುಡ್ಡೆ ಮೇಲೆ ಹೋಗುತ್ತದೆ, ತುಟಿ ನೀಲಿಯಾಗುತ್ತದೆ. ಏನೂ ನೆನಪಿಲ್ಲ ಎನ್ನುವವಳಿಗೆ ತನ್ನ ತುಟಿಯ ಬಣ್ಣ ಹೇಗೆ ಗೊತ್ತು? ಇದು ಬಿದ್ದವಳ ಮಾತಲ್ಲ, ಪಕ್ಕದಲ್ಲಿ ನಿಂತು ನೋಡಿದವಳ ಮಾತು. ನಾನು ಸೀಟಿನಲ್ಲಿ ನೆಟ್ಟಗೆ ಕೂತೆ.

ಆಗ ನನ್ನ ಅನುಮಾನ ಅವ್ವನನ್ನು ಬಿಟ್ಟು ಔರಾದಿನ ಕಡೆ ತಿರುಗಿತು. ಅಲ್ಲಿ ಅವ್ವ ಹೋಗುತ್ತಿದ್ದದ್ದು ಒಂದು ಧರ್ಮಾರ್ಥ ದವಾಖಾನೆಗೆ. ಅದರದೇ ಇನ್ನೊಂದು ಶಾಖೆ ಈಗ ಬೀದರಿನ ನೌಬಾದದಲ್ಲಿದೆ. ಮುದುಕಿಯರ ಹೆಸರಿನಲ್ಲಿ ಗುಳಿಗೆ ಬರೆದು ಹೊರಗೆ ಮಾರುತ್ತಿದ್ದಾರೆ, ಅವ್ವನನ್ನು ಹೆದರಿಸಿ ಬಾಯಿ ಮುಚ್ಚಿಸಿದ್ದಾರೆ ಎಂದು ಲೆಕ್ಕ ಹಾಕಿದೆ. ಶಾಲೆಗೆ ರಜೆ ಹಾಕಿ ಔರಾದಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮಸೆಯುತ್ತ ಹೋದೆ.

ಕಂಪ್ಯೂಟರಿನ ಮುಂದಿದ್ದಾತ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಪರದೆಯನ್ನು ನನ್ನ ಕಡೆಗೇ ತಿರುಗಿಸಿದ. "ಅವರೇ ಮುಂದ ಕುಂತು ಹೇಳ್ಯಾರ್ರಿ ಮೇಡಂ, ನಾವು ಬರ್ದೀವಿ. ಫೋಟೋ ನೋಡ್ರಿ. ನಿಮ್ಮ ಅವ್ವಾರೇ ಹೌದಲ್ಲ?" ಅವ್ವನೇ ಹೌದು. ತಲೆಯ ಮೇಲೆ ಸೆರಗು, ಒಂದೇ ಕಣ್ಣಿನಲ್ಲಿ ನೇರ ಕ್ಯಾಮೆರಾವನ್ನೇ ನೋಡುತ್ತ ಕೂತಿದ್ದಳು. ಚಿಕ್ಕಂದಿನಲ್ಲಿ ರೊಟ್ಟಿ ಕಡಿಮೆ ಬಿದ್ದ ದಿನ, ನನ್ನದು ಉಂಡಾಯಿತು ಎಂದು ನಮಗೆ ಹೇಳುವಾಗ ಅವಳು ಹೀಗೆಯೇ ನೇರ ನೋಡುತ್ತಿದ್ದಳು. ಸುಳ್ಳು ಹೇಳುವಾಗ ಮಾತ್ರ ಅವ್ವ ಅಷ್ಟು ನೇರ ನೋಡುತ್ತಾಳೆ. ಎದ್ದು ಬಂದೆ.

ಮನೆಗೆ ಬಂದು ಅವ್ವ ಸ್ನಾನಕ್ಕೆ ಹೋದಾಗ ಅವಳ ಎಲೆಅಡಿಕೆಯ ಸಂಚಿ ಬಿಚ್ಚಿದೆ. ಹೆತ್ತವಳ ಸಂಚಿಗೆ ಕೈ ಹಾಕುವುದು ಸರಿಯಲ್ಲ, ಗೊತ್ತು. ಅಡಿಕೆಯ ಕೆಳಗೆ, ಅರಿವೆಯಲ್ಲಿ ಸುತ್ತಿದ ಗುಳಿಗೆ ಪಾಕೀಟುಗಳು. ಒಂದೂ ಒಡೆದಿರಲಿಲ್ಲ. ನಾನು ಶಾಲೆಗೆ ಹೋದಾಗ ಬಿಪಿ ಗುಳಿಗೆ ತರುತ್ತೇನೆ ಎಂದು ಆಟೋ ಹತ್ತಿ ನೌಬಾದಕ್ಕೆ ಹೋಗಿ ಬರುತ್ತಿದ್ದವಳು ಇವನ್ನು ತಂದಿದ್ದಾಳೆ. ತಂದು, ನುಂಗದೆ, ಇಟ್ಟಿದ್ದಾಳೆ. ಯಾರಿಗಾಗಿ? ಸಂಚಿಯನ್ನು ಇದ್ದ ಹಾಗೆಯೇ ಕಟ್ಟಿಟ್ಟೆ.

ಆ ಭಾನುವಾರ ಖಾಲಾ ಬಂದಳು. ಖಾಲಾ ಎಂದರೆ ಔರಾದಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ನಾನು ಹುಟ್ಟಿದಾಗಿನಿಂದ ಎರಡೂ ಮನೆಗೆ ಒಂದೇ ಅಂಗಳ. ಅವಳ ಕೊನೆಯ ಮಗಳನ್ನು ಭಾಲ್ಕಿಗೆ ಕೊಟ್ಟಿದ್ದಾರೆ. ಅವ್ವ ಬೀದರಿಗೆ ಬಂದ ಮೇಲೂ ಖಾಲಾ ತಿಂಗಳಿಗೊಮ್ಮೆ ತಪ್ಪದೆ ಬಂದು ಹೋಗುತ್ತಿದ್ದಳು. ಎಂಥ ಗೆಳೆತನ ಎಂದು ನಾನೇ ಶಾಲೆಯಲ್ಲಿ ಕೊಚ್ಚಿಕೊಂಡಿದ್ದೆ. ಅಂದು ಮಾತ್ರ ಚಹಾದ ನೆಪದಲ್ಲಿ ಅಡುಗೆಮನೆಯಿಂದ ನೋಡುತ್ತ ನಿಂತೆ. ಎಲೆ ಕೊಡುವ ಹಾಗೆ ಅವ್ವ ಸಂಚಿಗೆ ಕೈ ಹಾಕಿದಳು; ಅರಿವೆಯ ಗಂಟು ಖಾಲಾಳ ಬುರ್ಖಾದೊಳಗೆ ಹೋಯಿತು. ಇಬ್ಬರೂ ಜೋಳದ ಬೆಳೆಯ ಮಾತು ಮುಂದುವರಿಸಿದರು.

ಖಾಲಾಳನ್ನು ಸ್ಕೂಟಿಯ ಮೇಲೆ ನಾನೇ ಬಸ್ ನಿಲ್ದಾಣಕ್ಕೆ ಬಿಟ್ಟೆ. "ಔರಾದ ಬಸ್ ಬರ್ತದ, ನೀ ಹೋಗವ್ವಾ," ಎಂದಳು. ನಾನು ಹೋದ ಹಾಗೆ ಮಾಡಿ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತೆ. ಖಾಲಾ ಹತ್ತಿದ್ದು ಭಾಲ್ಕಿಯ ಬಸ್ಸು.

ಮನೆಗೆ ಬಂದವಳೇ ಅವ್ವನ ಮುಂದೆ ಕೂತೆ. ನಾನು ಕೇಳುವ ಮೊದಲೇ ಅವಳೇ ಮಾತು ತೆಗೆದಳು.

"ನನಗ ಕಣ್ಣ ಕಾಣಲ್ಲ ಖರೇ. ಆದ್ರ ನೀ ಎಲ್ಲಿ ನಿಂತು ನನ್ನ ನೋಡ್ಲತೀದಿ ಅಂತ ತಿಳೀತದ. ಇಷ್ಟ ದಿನ ಏನ್ ಹುಡುಕ್ಲತೀದಿ ನನ್ನ ಮಾರಿ ಒಳಗ?"

"ಆ ಗುಳಿಗಿ ಖಾಲಾನ ಮಗಳಿಗಿ ಹೌದಲ್ಲ?"

ಅವ್ವ ಸಂಚಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಹೇಳಿದಳು. ಹುಡುಗಿ ಹತ್ತನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಬಂದವಳು ಅಂಗಳದಲ್ಲೇ ಬಿದ್ದಳಂತೆ. ಪಾಟೀಚೀಲ ಹೆಗಲಲ್ಲೇ ಇತ್ತಂತೆ. ಮೊದಲು ಓಡಿ ಬಂದು ತಲೆಯ ಕೆಳಗೆ ಸೆರಗು ಕೊಟ್ಟವಳು ಅವ್ವ. ಯಾರಿಗೂ ಗೊತ್ತಾಗಬಾರದೆಂದು ಖಾಲಾ ಮಗಳನ್ನು ಗಡಿ ದಾಟಿ ಮಹಾರಾಷ್ಟ್ರದ ಉದಗೀರಕ್ಕೆ ಒಯ್ದು ತೋರಿಸಿದಳು. ಮಿರ್ಗಿ, ಅಂದರೆ ಮೂರ್ಛೆರೋಗ, ಎಂದರು ಅಲ್ಲಿ. ವರ್ಷಗಟ್ಟಲೆ ಗುಳಿಗೆ ನುಂಗಬೇಕು ಎಂದರು. ತಿಂಗಳು ತಿಂಗಳು ಉದಗೀರಕ್ಕೆ ಹೋಗುವುದಾಗದು. ಔರಾದಿನಲ್ಲಿ ತರೋಣವೆಂದರೆ ದವಾಖಾನೆಯ ತುಂಬ ಗುರುತಿನ ಮಂದಿ.

"ಖಾಲಾ ತನ್ನ ಹೆಸರಿಲೇ ತರ್ಬಹುದಿತ್ತಲ್ಲ," ಎಂದೆ.

"ತಾಯಿದು ಮಗಳಿಗಿ ಬರ್ತದ ಅಂತಾರ ಮಂದಿ. ಆ ಹುಡುಗಿನ ಯಾರ್ ತಗೊಂತಿದ್ರು? ನಿನ್ನ ಲಗ್ನ ಆಗಿತ್ತು, ನಿಮ್ಮ ಅಣ್ಣಂದು ಆಗಿತ್ತು. ನನಗ ರೋಗ ಅಂದ್ರ ಯಾರ ಲಗ್ನ ನಿಲ್ತದ? ಹೆಸರ ತಾನೇ ಕೊಟ್ಟಿದ್ದು, ಕೊಟ್ಟೆ."

ನಮ್ಮ ಓಣಿಯಲ್ಲಿ ಮೊದಲಿನಿಂದಲೂ ಹಾಗೆಯೇ ಇತ್ತು. ಆಸ್ಪತ್ರೆಗೆ ಯಾರು ಮೊದಲು ಹೋಗುತ್ತಾರೋ ಅವರ ಚೀಟಿಯ ಮೇಲೆಯೇ ಉಳಿದವರ ಕೆಮ್ಮಿಗೂ ಜ್ವರಕ್ಕೂ ಔಷಧ ಬರುತ್ತಿತ್ತು. ನನ್ನ ಗಂಟಲುನೋವಿನ ಔಷಧ ಎಷ್ಟೋ ಸಲ ಖಾಲಾಳ ಹೆಸರಿನಲ್ಲಿ ಬಂದಿದೆ. ಸಾಸಿವೆ ಸಾಲ ಕೊಟ್ಟ ಹಾಗೆ ಹೆಸರು ಕೊಡುತ್ತಿದ್ದರು. ಸಂಜೆ ಆ ಚೀಟಿ ಒಲೆಗೆ ಹೋಗುತ್ತಿತ್ತು, ರೋಗವೂ ಅದರೊಂದಿಗೆ ಮುಗಿಯುತ್ತಿತ್ತು. ಅವ್ವನ ಪಾಲಿಗೆ ಕಂಪ್ಯೂಟರೂ ಅಂಥದೇ ಒಂದು ಚೀಟಿ. ಅದು ಒಲೆಗೆ ಹೋಗುವುದಿಲ್ಲ, ಔರಾದಿನಲ್ಲಿ ಹೇಳಿದ ಸುಳ್ಳು ಅವಳಿಗಿಂತ ಮೊದಲೇ ಬೀದರಿನ ಕಣ್ಣಿನ ಆಸ್ಪತ್ರೆಗೆ ಬಂದು ಕೂತಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನಾ ನಾಳಿ ಡಾಕ್ಟರಿಗಿ ಹೇಳ್ತೇನಿ," ಎಂದೆ.

"ಆ ಹುಡುಗಿ ಹೆಸರ ಎತ್ತಿದಿ ಅಂದ್ರ ನನಗ ಕಣ್ಣೇ ಬ್ಯಾಡ. ಈಚಿಗಿ ಬಂದಿದ್ದೂ ತವರಮನಿಯಾಗ, ಅಕಿ ಅತ್ತಿ ಮನಿಯಾಗ ಯಾರಿಗೂ ಗೊತ್ತಿಲ್ಲ. ಒಂದ ಕಣ್ಣಿಲೇ ಇಷ್ಟ ದಿನ ಬಾಳೇ ಮಾಡೀನಿ. ಅದೂ ಇಲ್ಲದೆ ಮಾಡ್ತೇನಿ."

ಅವಳು ಹಾಗೆ ಹೇಳಿದಾಗ ನನ್ನನ್ನು ನೇರ ನೋಡಲಿಲ್ಲ. ಹಾಗಾಗಿ ನಿಜವೇ ಹೇಳುತ್ತಿದ್ದಾಳೆ ಎಂದು ತಿಳಿಯಿತು.

ಆದರೂ ನಾನು ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಯಾರ ಹೆಸರೂ ಹೇಳದೆ, ರೋಗ ಅವ್ವನದಲ್ಲ, ಗುಳಿಗೆ ಇನ್ನೊಬ್ಬರಿಗೆ ಹೋಗುತ್ತಿತ್ತು ಎಂದಷ್ಟೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಪರೀಕ್ಷೆಯ ಕೋಣೆಯಲ್ಲಿ ನಾನು ಮಕ್ಕಳನ್ನು ನೋಡುವ ಅದೇ ನೋಟ. "ಆಪರೇಷನ್ ಆಗ್ಲಿ ಅಂತ ಇದ್ದ ರೋಗ ಇಲ್ಲ ಅನ್ನೋರು ಬಾಳ ಮಂದಿ ಬರ್ತಾರ್ರೀ. ಪೇಷಂಟ್ ಸ್ವಂತ ಬಾಯಿಲೇ ನಂದೇ ಅಂದಾರ, ಇಲ್ಲಿ ಬರದದ. ನಿಮ್ಮ ಮಾತು ಹ್ಯಾಂಗ ನಂಬ್ಲಿ? ಯಾರದದು ಅವರನ್ನ ಕರ್ಕೊಂಡ ಬರ್ರಿ." ಜೀವಮಾನವಿಡೀ ಎಲ್ಲರನ್ನೂ ಅನುಮಾನಿಸಿದ ನನ್ನನ್ನು ಅನುಮಾನಿಸುವವರು ಆ ದಿನ ಸಿಕ್ಕರು. ತಪ್ಪು ಅವರದಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹುಡುಗಿಯ ರೋಗದ ಮಾತು ಎತ್ತುವಂತಿಲ್ಲ. ಆದರೆ ಅವ್ವನ ಕಣ್ಣಿನ ಮಾತು ಎತ್ತಬಾರದೆಂದು ಯಾರೂ ಹೇಳಿರಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಭಾಲ್ಕಿಯಲ್ಲಿ ಆ ಹುಡುಗಿಯ ಮನೆಗೆ ಹೋದೆ. ಅವಳ ಗಂಡನಿಗೆ ಮೊಬೈಲ್ ರಿಪೇರಿಯ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅತ್ತೆ ಒಳಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಹುಡುಗಿ ಚಹಾ ತಂದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅವ್ವನ ಕಣ್ಣಿನ ಆಪರೇಷನ್ ನಿಂತದವ್ವಾ. ಕಂಪ್ಯೂಟರ್‌ನಾಗ ಅವ್ವಗ ಫಿಟ್ಸ್ ಅದ ಅಂತ ಬರದದ. ಡಾಕ್ಟರ್ ಒಲ್ಲೆ ಅಂತಾರ. ಇನ್ನ ಸ್ವಲ್ಪ ದಿನಕ್ಕ ಪೂರಾ ಕಾಣಂಗಿಲ್ಲ."

ಹುಡುಗಿ ನನಗೆ ಕೊಡಲು ಎತ್ತಿದ ಬಟ್ಟಲನ್ನು ಮತ್ತೆ ತಟ್ಟೆಯಲ್ಲೇ ಇಟ್ಟಳು. ಅತ್ತೆ, ಪಾಪ ಎಂದಳು. ಗಂಡ ಮಾತ್ರ ತಲೆ ಎತ್ತಲಿಲ್ಲ. ಬಿಚ್ಚಿಟ್ಟ ಫೋನಿನೊಳಗೆ ಸಣ್ಣ ಸ್ಕ್ರೂ ತಿರುಗಿಸುತ್ತಲೇ ಇದ್ದ. ಅವನ ಮೌನ ನನಗೆ ಸರಿ ಕಾಣಲಿಲ್ಲ. ಈತನಿಗೆ ಏನೋ ವಾಸನೆ ಹತ್ತಿದೆ, ನಾನು ಹೋದ ಮೇಲೆ ಹುಡುಗಿಯನ್ನು ಕುಟ್ಟಿ ಕೇಳುತ್ತಾನೆ ಎಂದು ಹೆದರಿದೆ. ಬಸ್ಸಿನಲ್ಲಿ ಬರುವಾಗ, ಅವ್ವನ ಮಾತು ಮುರಿಯದೆಯೇ ಮುರಿದುಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮುಂದಿನ ಸಲ ಅವ್ವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಾಗ ಅವರಿಬ್ಬರೂ ಬಾಗಿಲಲ್ಲೇ ನಿಂತಿದ್ದರು, ಹುಡುಗಿ ಮತ್ತು ಅವಳ ಗಂಡ. ಯಾವ ದಿನ ತೋರಿಸುವುದೆಂದು ಖಾಲಾಳಿಂದ ಕೇಳಿ ತಿಳಿದುಕೊಂಡಿದ್ದರು. ನಮ್ಮ ಹಿಂದೆಯೇ ಡಾಕ್ಟರ ಕೋಣೆಯೊಳಗೆ ಬಂದರು. ಹುಡುಗಿ ನಖಾಬು ಸರಿಸಿ, ಡಾಕ್ಟರ ಮೇಜಿನ ಅಂಚು ಹಿಡಿದು ಹೇಳಿದಳು.

"ಅವು ನನ್ನ ಗುಳಿಗಿರಿ. ಸಾಲಿಗಿ ಹೋಗುವಾಗಿಂದ ನನಗ ಅದ. ಈ ಅಮ್ಮಾಗ ಏನೂ ಇಲ್ರಿ."

ಅವ್ವ ದನಿ ಬಂದ ಕಡೆಗೆ ಕೈ ಚಾಚಿದಳು. "ಸುಮ್ ಇರು ನೀ. ಅದಕ್ಕ ಏನ್ ತಿಳೀತದ್ರಿ, ಸಣ್ಣ ಹುಡುಗಿ. ನಂದೇ ಅದ್ರಿ," ಎಂದಳು. ಕಾಣದ ಕಣ್ಣಿನಿಂದಲೂ ಡಾಕ್ಟರನ್ನು ನೇರ ನೋಡುತ್ತಿದ್ದಳು.

ನಾನು ಗಂಡನ ಮುಖವನ್ನೇ ನೋಡುತ್ತಿದ್ದೆ. ಅವನು ಅವ್ವನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ನಿಮ್ದಲ್ಲ ಅದು. ಲಗ್ನ ಆದ ಹೊಸದಾಗೇ ಅಕಿಗಿ ಬಂದಿದ್ದು ನಾ ನೋಡೀನಿ. ಅಕಿಗಿ ನೆನಪಿಲ್ಲ. ನನಗ ಗೊತ್ತಾತು ಅಂದ್ರ ನಾಚಿಕಿಗಿ ಗುಳಿಗಿನೇ ಬಿಡ್ತಾಳಂತ ಸುಮ್ ಇದ್ದೆ. ಖಾಲಿ ಪಾಕೀಟ ಹಾಸಿಗಿ ಕೆಳಗ ಇಡ್ತಿದ್ಳು. ನಮ್ಮ ಅಮ್ಮೀಗಿ ಸಿಗಬಾರದಂತ ನಾನೇ ಒಯ್ದು ದೂರ ಒಗದು ಬರ್ತಿದ್ದೆ."

ಹುಡುಗಿ ಅವನನ್ನು ನೋಡಿದಳು. ಪಾಕೀಟು ತಾನೇ ಎಲ್ಲೋ ಎಸೆದಿರಬೇಕೆಂದು ಅವಳು ಅಂದುಕೊಂಡಿದ್ದಳಂತೆ. ಅವ್ವ ತಡಕಾಡಿ ಅವನ ತಲೆಯ ಮೇಲೆ ಕೈಯಿಟ್ಟಳು. ನನ್ನ ಎಲ್ಲ ಲೆಕ್ಕವೂ ತಪ್ಪಿದ್ದಕ್ಕೆ ಜನ್ಮದಲ್ಲಿ ಮೊದಲ ಸಲ ಸಂತೋಷಪಟ್ಟೆ.

ಡಾಕ್ಟರು ಪರದೆಯ ಮೇಲೆ ಹೊಸದಾಗಿ ಏನನ್ನೋ ಬರೆದರು. ಹಳೆಯದನ್ನು ಅಳಿಸಲು ತಮಗೆ ಬರುವುದಿಲ್ಲ, ಅದರ ಕೆಳಗೆ ಇದು ಅವರದಲ್ಲ ಎಂದು ಸೇರಿಸಬಹುದಷ್ಟೇ ಎಂದರು. ಹುಡುಗಿಯ ಹೆಸರಿನಲ್ಲಿ ಅಂದೇ ಕಾರ್ಡು ಮಾಡಿಸಿ ನರದ ಡಾಕ್ಟರ ಹತ್ತಿರ ಕಳಿಸಿದರು. ಇಷ್ಟು ವರ್ಷ ಯಾರೋ ಮುದುಕಿಯನ್ನು ನೋಡಿ ಬರೆದ ಗುಳಿಗೆ ಆ ಹುಡುಗಿ ನುಂಗಿದ್ದಾಳೆ ಎಂದು ಅವರು ಹೇಳಿದಾಗ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದೂ ಆಗಬಹುದಿತ್ತು ಎಂಬುದು ಅವಳಿಗೆ ಹೊಳೆದದ್ದು ಆಗಲೇ.

ಅವ್ವನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ, ನನಗೆ ಬಿಳಿ ಕೂದಲು ಬಂದಿದೆ ಎಂದು ಎಲ್ಲರ ಮುಂದೆ ಹೇಳಿದಳು.

ಅಳಿಸಲಾಗದ ಆ ದಾಖಲೆ ಈಗಲೂ ಇದೆ. ತಿಂಗಳಿಗೊಮ್ಮೆ ನನ್ನ ಫೋನಿಗೆ ಸಂದೇಶ ಬರುತ್ತದೆ, ಅವ್ವನ ಹೆಸರು ಹಾಕಿ, ನಿಮ್ಮ ಫಿಟ್ಸ್ ಗುಳಿಗೆ ಒಯ್ಯುವ ದಿನ ಬಂದಿದೆ ಎಂದು. ಅದನ್ನು ನಿಲ್ಲಿಸಲು ಎಲ್ಲಿ ಕೇಳಬೇಕೆಂದು ವಿಚಾರಿಸಲು ನಾನು ಹೊರಟಿದ್ದೆ. ಅವ್ವ ತಡೆದಳು. "ಇರ್ಲಿ ಬಿಡು. ಅದು ಬಂದಾಗೊಮ್ಮಿ ಆ ಹುಡುಗಿಗಿ ಫೋನ್ ಹಚ್ಚು," ಎಂದಳು.

ಹಚ್ಚುತ್ತೇನೆ. "ತಂದೀನಿ ಅಕ್ಕಾ, ತಗೊಂಡೀನಿ," ಎನ್ನುತ್ತಾಳೆ ಹುಡುಗಿ. ನಾನು ಬಾಯಿಮಾತಿಗೆ ಬಿಡುವವಳಲ್ಲ. ವಿಡಿಯೋ ಹಾಕಿ ತೋರಿಸು ಎನ್ನುತ್ತೇನೆ. ಅವಳು ನಗುತ್ತ ಒಡೆದ ಪಾಕೀಟು ಎತ್ತಿ ಹಿಡಿಯುತ್ತಾಳೆ. ಮೊನ್ನೆ ಹೀಗೆ ನೋಡುತ್ತಿದ್ದಾಗ ಅವ್ವ ಬಂದು ಫೋನು ಕಸಿದುಕೊಂಡಳು. ಪಾಕೀಟಿನ ಕಡೆ ನೋಡಲೇ ಇಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿದಳು.

"ಮಾರಿ ಸೊರಗ್ಯಾದಲ್ಲ ನಿಂದು," ಎಂದಳು. "ಹೊತ್ತಿಗಿ ಸರಿಯಾಗಿ ಉಣ್ತಿಯಿಲ್ಲೋ?"